ಎಲ್ಲಾ ಮೇಲಿನವರ ಕೃಪೆ

ಮೊದಲ ಮಹಡಿಯವರ ಮನೆಯಲ್ಲಿ ಮೊನ್ನೆ ಶ್ಯಾವಿಗೆ ಉಪ್ಪಿಟ್ಟು. ಎರಡನೇ ಮಹಡಿಯ ಯಜಮಾನರ ತಲೆಗೂದಲ ಕಪ್ಪು ಹುಟ್ಟಿನಿಂದ ಬಂದದ್ದಲ್ಲ, ಡಬ್ಬಿಯಿಂದ ಬಂದದ್ದು. ಇದನ್ನೆಲ್ಲ ನನಗೆ ಯಾರೂ ಹೇಳಲಿಲ್ಲ. ನಮ್ಮ ಬಚ್ಚಲಿನ ಜಾಲರಿಯಿಂದ ತಾನಾಗಿ ಎದ್ದು ಬಂತು.

ಬೆಂಗಳೂರಿನಲ್ಲಿ ಗ್ರೌಂಡ್ ಫ್ಲೋರಿನಲ್ಲಿ ಬಾಳುವವರಿಗೆ ಆ ಸದ್ದಿನ ವಿವರಣೆ ಬೇಕಿಲ್ಲ. ಜೋರು ಮಳೆ ಹಿಡಿದ ಸ್ವಲ್ಪ ಹೊತ್ತಿಗೆ ಬಚ್ಚಲಿನೊಳಗಿಂದ ಗುಳುಕ್, ಗುಳುಕ್. ಆಮೇಲೊಂದು ಗುಳ್ಳೆ. ಆಮೇಲೆ ಮಿಕ್ಕಿದ್ದು. ಕಟ್ಟಡದ ಅಷ್ಟೂ ಮನೆಗಳ ನೀರು ಒಂದೇ ನಾಲ್ಕಿಂಚಿನ ಪೈಪಿನಲ್ಲಿ ಇಳಿದು, ಗೇಟಿನ ಪಕ್ಕದ ಛೇಂಬರು ದಾಟಿ, ರಸ್ತೆಯ ಮ್ಯಾನ್‌ಹೋಲು ಸೇರಬೇಕು. ಮುಂದೆ ಎಲ್ಲೋ ಕಟ್ಟಿಕೊಂಡರೆ ಆ ನೀರು ಎಲ್ಲಕ್ಕಿಂತ ತಗ್ಗಿನ ಬಾಯಿ ಹುಡುಕುತ್ತದೆ. ಕಮೋಡಿಗಿಂತ ಬಚ್ಚಲ ಜಾಲರಿ ತಗ್ಗು. ಇಡೀ ಕಟ್ಟಡದಲ್ಲಿ ನಮ್ಮ ಜಾಲರಿಯೇ ತಗ್ಗು.

ಈ ಸರಳ ಸಂಗತಿಯನ್ನು ನಾನು ಮೂರನೇ ಮಹಡಿಯ ಮೇಷ್ಟ್ರಿಗೆ ವಿವರಿಸಬೇಕಾಗಿ ಬಂದದ್ದೇ ದೊಡ್ಡ ವಿಪರ್ಯಾಸ. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ತಲೆಮಾರುಗಟ್ಟಲೆ ಮಕ್ಕಳಿಂದ ಬಾಯಿಪಾಠ ಮಾಡಿಸಿದವರು. ಅಂಥವರು ಮೆಟ್ಟಿಲ ಕಂಬಿಗೆ ಒರಗಿಕೊಂಡು, "ಏನ್ರೀ ಇದು, ನಮ್ಮಲ್ಲಿ ಚೆನ್ನಾಗೇ ಹೋಗ್ತಿದೆಯಲ್ಲ!" ಅಂದರು. ಹೋಗ್ತಿದೆ ಸ್ವಾಮಿ. ಎಲ್ಲಿಗೆ ಹೋಗ್ತಿದೆ ಅಂತ ಒಂದು ಸಲ ಇಳಿದು ಬಂದು ನೋಡಿ!

ಇಳಿದು ಬರಲಿಲ್ಲ. ಆದರೆ ಪರೋಪಕಾರಿ. ಯಾರ ಮನೆಯ ಯಾವ ಕಷ್ಟಕ್ಕೂ ಅವರ ಹತ್ತಿರ ವಾಟ್ಸಾಪಿನಲ್ಲಿ ಬಂದ ಮದ್ದೊಂದು ಇದ್ದೇ ಇರುತ್ತದೆ. ಈ ಸಲ ಅಡುಗೆ ಸೋಡಾ, ನಿಂಬೆರಸ, ಕುದಿಯುವ ನೀರು. "ನೀವೇನೂ ಮಾಡ್ಬೇಡಿ, ನಾನು ಮೇಲಿಂದ ಬಿಡ್ತೀನಿ. ತಳ್ಕೊಂಡು ಹೋಗಿಬಿಡುತ್ತೆ," ಎಂದು ಒಳಗೆ ಹೋದರು. ಬೇಡ ಸಾರ್ ಅನ್ನುವಷ್ಟರಲ್ಲಿ ಕದ ಮುಚ್ಚಿಯಾಗಿತ್ತು.

ನಾನು ಪ್ಯಾಂಟು ಮಡಚಿಕೊಂಡು ಬಚ್ಚಲಲ್ಲಿ ನಿಂತಿದ್ದೆ. ಗುಳುಕ್ ಅಂತು. ಜಾಲರಿಯಿಂದ ಬೆಚ್ಚಗಿನ ಬಿಳಿ ನೊರೆ ಎದ್ದು ನನ್ನ ಹಿಮ್ಮಡಿ ಸವರಿತು. ಅದರ ಮೇಲೊಂದು ನಿಂಬೆಬೀಜ.

"ಬಂತಾ?" ಮೇಲಿಂದ ಕೂಗು.

"ಬಂತು ಸಾರ್!"

"ಭೇಷ್! ಇನ್ನೊಂದು ಬಕೆಟ್ ಬಿಡ್ತೀನಿ!"

"ಬೇಡ ಸಾರ್, ಬರ್ತಾ ಇದೆ!"

"ಬರ್ತಾ ಇದೆಯಾ? ಹಾಗಾದ್ರೆ ನಿಲ್ಲಿಸಬಾರದು!"

ಎರಡನೇ ಬಕೆಟ್ಟು ಬಂತು. ಅದರ ಜೊತೆ ಶ್ಯಾವಿಗೆಯೂ ಬಂತು. ನನ್ನ ಹೆಂಡತಿ ಹಳೇ ಸೀರೆಗಳನ್ನೆಲ್ಲ ಸುರುಳಿ ಸುತ್ತಿ ಹಾಲಿನ ಹೊಸಿಲಿಗೆ ಅಣೆಕಟ್ಟು ಕಟ್ಟುತ್ತಾ, "ಅವರಿಗೆ ಹೋಯ್ತು ಅಂತ ಹೇಳ್ರೀ, ಆಗಲಾದರೂ ನಿಲ್ಲಿಸ್ತಾರೆ," ಎಂದಳು. ಹೋಯ್ತು ಸಾರ್ ಎಂದು ಕೂಗಿದೆ. ಮೇಷ್ಟ್ರಿಗೆ ಎಷ್ಟು ಸಂತೋಷವಾಯಿತೆಂದರೆ, ಸಮಾರೋಪಕ್ಕೆಂದು ಫ್ಲಶ್ ಒತ್ತಿದರು.

ಬೆಳಿಗ್ಗೆ ಜೆಟ್ಟಿಂಗ್ ಗಾಡಿ ಬಂತು. ದಪ್ಪ ಪೈಪನ್ನು ಛೇಂಬರಿಗೆ ಇಳಿಸಿ ಭಾರೀ ಒತ್ತಡದಲ್ಲಿ ನೀರು ಬಿಟ್ಟರೆ ಒಳಗೆ ಕೂತಿದ್ದೆಲ್ಲ ಕಿತ್ತು ಬರುತ್ತದೆ. ಬಂದದ್ದು ಒರೆಸುವ ವೈಪ್ಸಿನ ಒಂದು ಹಗ್ಗ, ಕರಿದೆಣ್ಣೆ ಹೆಪ್ಪುಗಟ್ಟಿದ ಬಿಳಿ ಗಡ್ಡೆ, ಪೊರಕೆಕಡ್ಡಿ, ಗೊಂಬೆಯ ಒಂದು ಕೈ. ಗಾಡಿಯವನು ಒಂದೊಂದನ್ನೂ ಕೋಲಿನಿಂದ ಎತ್ತಿ, "ಯಾರ್ದು ಸಾರ್ ಇದು?" ಅಂದ. ಬಾಲ್ಕನಿಗಳಿಂದ ಇಣುಕುತ್ತಿದ್ದ ತಲೆಗಳೆಲ್ಲ ಒಳಗೆ ಸರಿದವು. ಪ್ಯಾಕೆಟ್ಟಿನ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದಿದ್ದರೂ ಆ ವೈಪ್ಸು ಪೇಪರಿನ ಹಾಗೆ ನೀರಲ್ಲಿ ಕರಗುವ ಜಾತಿಯಲ್ಲ.

ಪೈಪಿನಲ್ಲಿ ಕಟ್ಟಿಕೊಂಡದ್ದು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಯಾರೋ ಮೇಲಿಂದ, "ಒಂದ್ನಿಮಿಷ ಇಳಿದು ನೋಡಪ್ಪ, ಐನೂರು ಜಾಸ್ತಿ ಕೊಡೋಣ," ಅಂದರು. ಅವನು ತಲೆ ಎತ್ತಲೂ ಇಲ್ಲ. "ಇಳಿಸೋ ಹಾಗಿಲ್ಲ ಸಾರ್, ಕಾನೂನು." ನಿಜ, 2013ರಿಂದ ಕಾಯ್ದೆಯೇ ಇದೆ, ಗುಂಡಿಗಿಳಿದು ಸತ್ತವರ ಮನೆಯವರಿಗೆ 30 ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಪೈಪು ಸುತ್ತುತ್ತಾ ಅವನು ನನ್ನೊಬ್ಬನಿಗೆ ಕೇಳುವಷ್ಟು ಮೆಲ್ಲಗೆ, "ನಮ್ಮಪ್ಪ ಇಳೀತಿದ್ರು," ಅಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕೈ ತೊಳೆಯಲು ಅವನಿಗೆ ಸೋಪು ತಂದುಕೊಟ್ಟೆ.

ಮನೆ ಶುದ್ಧಿಗೆ ಬಂದವರು ಬೇರೆ. ಮುಖಕ್ಕೆ ಮಾಸ್ಕು, ಕಾಲಿಗೆ ಗಂಬೂಟು, ಕೈಯಲ್ಲಿ ಚದರಡಿಗಿಷ್ಟು ಎಂಬ ಕೊಟೇಶನ್ನು. ಅವರಲ್ಲೊಬ್ಬ ಹುಡುಗ ಡಾಕ್ಟರ ಗಾಂಭೀರ್ಯದಲ್ಲಿ ಮನೆಯೆಲ್ಲ ಸುತ್ತಿ ತೀರ್ಪು ಕೊಟ್ಟ: ಹಾಸಿಗೆ ಹೋಯಿತು, ಕಾಲೊರಸು ಹೋಯಿತು, ರಟ್ಟಿನ ಡಬ್ಬದಲ್ಲಿದ್ದ ನಮ್ಮ ಮದುವೆ ಆಲ್ಬಮ್ಮೂ ಹೋಯಿತು. ನೀರು ಕುಡಿಯುವಂಥದ್ದು ಯಾವುದೂ ಉಳಿಯುವುದಿಲ್ಲವಂತೆ. ಟೈಲ್ಸು, ಸ್ಟೀಲು ಉಳಿದವು. ಬ್ಲೀಚಿಂಗ್ ಪೌಡರ್ ಎರಚಲು ಹೋದ ನನ್ನನ್ನು ತಡೆದು, ಮೊದಲು ಸೋಪುನೀರಲ್ಲಿ ಕೊಳೆ ಪೂರ್ತಿ ಉಜ್ಜಿ ತೆಗೆಯಬೇಕು, ಕೊಳೆಯ ಮೇಲೆ ಬ್ಲೀಚು ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚು, ಎಂದ. ಅಷ್ಟರಲ್ಲಿ ಮೇಲಿಂದ ದನಿ: "ಬ್ಲೀಚಿಗೆ ಒಂಚೂರು ಆಸಿಡ್ ಸೇರಿಸ್ರೀ, ಪವರ್ ಜಾಸ್ತಿ!" ಹುಡುಗ ಬೆಚ್ಚಿಬಿದ್ದ. ಎರಡೂ ಸೇರಿದರೆ ಕ್ಲೋರಿನ್ ಅನಿಲ. ವಿಜ್ಞಾನದ ಮೇಷ್ಟ್ರು!

ಗಾಡಿಯವನು ಹೋಗುವ ಮುಂಚೆ ಇನ್ನೊಂದು ಗುಟ್ಟು ಬಿಚ್ಚಿಟ್ಟಿದ್ದ. ತಾರಸಿಯ ಮಳೆನೀರಿನ ಪೈಪನ್ನು ಯಾರೋ ಪುಣ್ಯಾತ್ಮರು ಸೀದಾ ಒಳಚರಂಡಿಯ ಛೇಂಬರಿಗೇ ಬಿಟ್ಟಿದ್ದಾರೆ. ಹಾಗೆ ಬಿಡುವಂತೆಯೇ ಇಲ್ಲ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲಿಗೆ 2009ರಲ್ಲೇ ಕಾನೂನು ಬಂದಿದೆ. ನಮ್ಮ ಕಟ್ಟಡವೂ ಕೊಯ್ಲು ಮಾಡುತ್ತಿದೆ, ನಮ್ಮ ಬಚ್ಚಲಲ್ಲಿ.

ಭಾನುವಾರ ಮೀಟಿಂಗ್ ಸೇರಿತು. ಪೈಪು ಬದಲಿಸುವ ಖರ್ಚಿನ ಮಾತು ಬಂದ ಕೂಡಲೇ ಎಲ್ಲರಿಗೂ ಅರ್ಜೆಂಟು ಕೆಲಸ ನೆನಪಾಯಿತು. ಇದು ಗ್ರೌಂಡ್ ಫ್ಲೋರಿನವರ ಪರ್ಸನಲ್ ಸಮಸ್ಯೆ ಎಂದು ಎರಡನೇ ಮಹಡಿಯ ಕಪ್ಪು ಕೂದಲಿನವರು ಸೂಚಿಸಿದರು. ಸರಿ, ಹಾಗಾದರೆ ನಮ್ಮ ಲೈನಿಗೆ ನಾವೇ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿಕೊಳ್ಳುತ್ತೇವೆ, ನೀರು ಹೊರಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ, ಎಂದೆ. ಎಲ್ಲರೂ ತಲೆಯಾಡಿಸಿದರು. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿದರು. ವಿಜ್ಞಾನ ಕೊನೆಗೂ ನೆನಪಾಯಿತು ಅಂತ ಕಾಣುತ್ತದೆ.

"ಅಲ್ಲಾರೀ, ನಿಮ್ಮ ಬಾಯಿ ಮುಚ್ಚಿಬಿಟ್ರೆ, ನೀರಿಗೆ ಅದಾದ್ಮೇಲೆ ತಗ್ಗು ಯಾವ ಮನೆ?"

ಅಷ್ಟು ಹೊತ್ತು ಮೊಬೈಲು ನೋಡುತ್ತಿದ್ದ ಮೊದಲ ಮಹಡಿಯ ಶ್ಯಾವಿಗೆಯಮ್ಮ ತಲೆ ಎತ್ತಿದರು. "ಆ ಮಳೆನೀರಿನ ಪೈಪು ಬದಲಾಯಿಸೋಕೆ ಎಷ್ಟಾಗುತ್ತೆ ಅಂದ್ರಿ?"