ಐದು ನಿಮಿಷದ ಕೆಲಸ

"ತಾಮ್ರದ ಕೊಳವೆಯ ತುಂಡೊಂದನ್ನು ಕತ್ತರಿಸಿಕೊಂಡರಾಯಿತು, ಸ್ಲೈಡ್ ಸಿದ್ಧ, ಐದು ನಿಮಿಷದ ಕೆಲಸ" ಎಂದು, ಗಿಟಾರಿನ ತಂತಿಗಳ ಮೇಲೆ ಜಾರಿಸಿ ನುಡಿಸಲು ಬೆರಳಿಗೆ ತೊಡುವ ಈ ಕೊಳವೆಯ ಬಗ್ಗೆ ಹೇಳಿದ ಗೆಳೆಯನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಆ ಕೆಲಸವನ್ನು ಮಾಡದವರು. ಮಾಡಿದವರು ಬೆರಳಿನ ಬ್ಯಾಂಡೇಜು ತೋರಿಸಿ ಸುಮ್ಮನಾಗುತ್ತಾರೆ.

ಅವನ ಮಾತನ್ನು ನಂಬಲು ನನಗೂ ಕಾರಣಗಳಿದ್ದವು. 1903ರ ಸುಮಾರಿಗೆ ಅಮೆರಿಕದ ಮಿಸಿಸಿಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಸಂಗೀತಗಾರ ಡಬ್ಲ್ಯು. ಸಿ. ಹ್ಯಾಂಡಿಯವರು ಕಂಡ ವಾದಕನು ಗಿಟಾರಿನ ತಂತಿಗಳ ಮೇಲೆ ಚಾಕುವನ್ನು ಒತ್ತಿ ನುಡಿಸುತ್ತಿದ್ದನಂತೆ. ಗಿಟಾರ್ ವಾದಕ ಡ್ವೇನ್ ಆಲ್ಮನ್ ನೆಗಡಿ ಮಾತ್ರೆಯ ಖಾಲಿ ಗಾಜಿನ ಸೀಸೆಯನ್ನು ಬೆರಳಿಗೆ ತೊಟ್ಟರು. ಇನ್ನೊಬ್ಬ ಗಿಟಾರ್ ವಾದಕ ಲೊವೆಲ್ ಜಾರ್ಜ್ ಸ್ಪಾರ್ಕ್ ಪ್ಲಗ್ ಬಿಚ್ಚುವ ಸಾಕೆಟ್ಟನ್ನು. ಇವರೆಲ್ಲರೂ ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆಯೇ ಬಳಸಿದವರು, ಒಬ್ಬರೂ ಗರಗಸ ಹಿಡಿಯಲಿಲ್ಲವೆಂಬುದು ನನಗೆ ಹೊಳೆದದ್ದು ತಡವಾಗಿ.

ನಾನು ಹಿಡಿದೆ. 70 ಮಿಲಿಮೀಟರಿಗೆ ಗುರುತು ಹಾಕಿ ಕತ್ತರಿಸಿದ ತುಂಡಿನ ತುದಿ ಓರೆಯಾಯಿತು. ಅರದಿಂದ ಉಜ್ಜಿದೆ, ಓರೆ ಆಚೆ ಬದಿಗೆ ಹೋಯಿತು. ಆಚೆ ಬದಿಯನ್ನು ಉಜ್ಜಿದರೆ ಈಚೆಗೆ ಬಂತು. ತಾಳ್ಮೆಗೆಟ್ಟು ಮತ್ತೆ ಗರಗಸಕ್ಕೆ ಕೈಹಾಕಿದೆ, ಮತ್ತೆ ಅರ. ಬೆಕ್ಕುಗಳ ಬೆಣ್ಣೆಯನ್ನು ಸಮಪಾಲು ಮಾಡಲು ಕುಳಿತ ಕೋತಿಯ ಸ್ಥಿತಿ ನನ್ನದಾಯಿತು. ಆದರೆ ಕೋತಿಗೆ ಬೆಣ್ಣೆಯಾದರೂ ಸಿಕ್ಕಿತ್ತು, ನನಗೆ ಸಿಕ್ಕಿದ್ದು ಮಡಿಲ ತುಂಬ ತಾಮ್ರದ ಪುಡಿ. ಕೊನೆಗೆ ತುದಿ ಸಮವಾದಾಗ ಉಳಿದದ್ದು 40 ಮಿಲಿಮೀಟರ್. ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳಲ್ಲಿ, ತಲೆಯ ಕಡೆಯವುಗಳ ಬಳಿ ಆರೂ ತಂತಿಗಳನ್ನು ಮುಟ್ಟುವ ಆ ಕುಳ್ಳ, ತಂತಿಗಳ ನಡುವಿನ ಅಂತರ ಹಿಗ್ಗುವ ಹನ್ನೆರಡನೆಯ ಫ್ರೆಟ್‌ನಲ್ಲಿ ಒಂದನ್ನು ಕೈಬಿಡುತ್ತಿತ್ತು.

ಎರಡನೆಯದನ್ನು ಪೈಪ್ ಕಟರಿನಿಂದ ಕತ್ತರಿಸಿದೆ. ತುದಿ ನೇರವಾಗಿಯೇ ಬಂತು. ಕಟರಿನ ಚಕ್ರವು ಲೋಹವನ್ನು ಒಳಕ್ಕೆ ಒತ್ತಿ, ಕೊಳವೆಯ ಬಾಯಿಯನ್ನು ಕಿರಿದಾಗಿಸಿ ಚೂಪಾದ ಅಂಚನ್ನು ಬಿಡುತ್ತದೆಂಬುದನ್ನು ಮಾತ್ರ, ಒಳಗೆ ಹೋದ ಕಿರುಬೆರಳು ಹೊರಗೆ ಬರಲೊಲ್ಲದೆ ಹೋದಾಗ ತಿಳಿದುಕೊಂಡೆ. ಸಾಬೂನಿನ ನೀರಿನಿಂದ ಬಿಡುಗಡೆಯಾಯಿತು. ಮೂರನೆಯದರ ಒಳ ಅಂಚನ್ನು ದುಂಡನೆಯ ಅರದಿಂದ ಕೆರೆದು, ಮರಳು ಕಾಗದದಿಂದ ನುಣುಪು ಮಾಡಿ ನುಡಿಸಿದೆ. ಕೊಳವೆಯು ಫ್ರೆಟ್‌ನ ಲೋಹದ ಪಟ್ಟಿಯ ನೇರಕ್ಕೇ ನಿಲ್ಲಬೇಕು. ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪುತ್ತದೆ. ನನ್ನದು ತಪ್ಪಿತು. ಇದಕ್ಕೆ ತಾಮ್ರವನ್ನು ದೂರುವಂತಿಲ್ಲವೆಂಬುದೇ ದೊಡ್ಡ ಬೇಸರ.

ಮೊನ್ನೆ ಬಂದ ಗೆಳೆಯನು ಸ್ಲೈಡನ್ನು ಬೆರಳಿಗೇರಿಸಿ, ಬೆಳಕಿಗೆ ಹಿಡಿದು ನೋಡಿ, ತನಗೂ ಒಂದನ್ನು ಮಾಡಿಕೊಡು ಎಂದನು. ಆ 40 ಮಿಲಿಮೀಟರಿನ ತುಂಡನ್ನೂ ಅರವನ್ನೂ ಕೊಟ್ಟು ಕಳುಹಿಸಿದೆ.