ಮಗು ‘ಸಾಕಾಗಿದೆ’ ಅಂದ ರಾತ್ರಿ ಫೋನ್ ಕಿತ್ತುಕೊಳ್ಳಬೇಡಿ

ಮುಂಬೈ ಕಡೆಯ ಧಾರಾವಿ, ಸಯನ್, ಡೊಂಬಿವಲಿಯ ಎಷ್ಟೋ ಕನ್ನಡ ಮನೆಗಳಲ್ಲಿ ಹದಿನಾರರ ಮಕ್ಕಳು ಮನಸ್ಸಿನ ಮಾತಾಡುವುದು ಹಿಂದಿ, ಮರಾಠಿಯಲ್ಲಿ. ಅದೂ ಫೋನಿನಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ. ಅಪ್ಪ ಅಮ್ಮನಿಗೆ ಅದು ಮೊಬೈಲ್ ಚಟ. ರಿಸಲ್ಟ್ ಕೈಕೊಟ್ಟರೆ ಮೊದಲು ಕಿತ್ತುಕೊಳ್ಳುವುದೂ ಅದನ್ನೇ. ಸಹಾಯ ಕೇಳಲು ಆ ಮಗುವಿಗಿದ್ದ ಒಂದೇ ದಾರಿ ಅದಾಗಿರಬಹುದು.

‘ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ’ ಅಂದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, ಬಯ್ಯದೆ ನೇರವಾಗಿ ಕೇಳಿ: ‘ಪುಟ್ಟಾ, ಸತ್ತುಹೋಗಬೇಕು ಅಂತ ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಅನ್ನುವುದು ತಪ್ಪು. ಹೌದು ಅಂದರೆ, ಹೇಗೆ, ಯಾವಾಗ ಅಂತ ಯೋಚಿಸಿದ್ದೀಯಾ ಎಂದೂ ಕೇಳಿ. ಅದಕ್ಕೆ ಉತ್ತರ ಸಿದ್ಧವಿದ್ದರೆ ಬೆಳಗಿನವರೆಗೆ ಕಾಯಬೇಡಿ. ಒಂಟಿಯಾಗಿ ಬಿಡದೆ ಸಯನ್, ಕೆಇಎಂ, ನಾಯರ್‌ನಂಥ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ಇಲ್ಲವೇ 112ಕ್ಕೆ ಕರೆ ಮಾಡಿ. ಆ ತೀವ್ರ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆ ಹೊತ್ತು ದಾಟಲೆಂದೇ ಮನೆಯ ಔಷಧಿ, ಅಪಾಯದ ವಸ್ತುಗಳನ್ನು ಬೀಗ ಹಾಕಿಡಬೇಕು. ಚಾಳಿನ ಒಂದೇ ಖೋಲಿಯಲ್ಲಿ ಬೀಗದ ಜಾಗವಿಲ್ಲದಿದ್ದರೆ ನಂಬಿಕೆಯ ನೆರೆಮನೆಯಲ್ಲಿಡಿ.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸೇವೆ, ಉಚಿತ, ದಿನದ 24 ಗಂಟೆಯೂ ಇರುತ್ತದೆ. ಕನ್ನಡವೂ ಇದೆ. ಆದರೆ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಮಗುವೇ ಆರಿಸಲಿ. ನೀವು ಬೇಕಾದರೆ ಬೇರೆಯಾಗಿ ಕರೆ ಮಾಡಿ ಕನ್ನಡದಲ್ಲಿ ಕೇಳಿಕೊಳ್ಳಿ. 18 ತುಂಬದ ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಮಗು ಫೋನಿನಲ್ಲಿರುವಾಗ ಉಳಿದವರು ಗ್ಯಾಲರಿಗೆ ಹೋಗಲಿ, ಒಬ್ಬರು ಬಾಗಿಲ ಬಳಿ ಇರಲಿ. ಎಲ್ಲರೂ ಕಿವಿಗೊಟ್ಟು ಕೂತರೆ ಅದು ‘ಏನಿಲ್ಲ, ಹೀಗೇ’ ಅಂದು ಇಟ್ಟುಬಿಡುತ್ತದೆ.

ಗೆಳೆಯರಿಗೂ ಒಂದು ಮಾತು. ‘ಯಾರಿಗೂ ಹೇಳ್ಬೇಡ’ ಅಂದಿದ್ದರೂ ನಂಬುವ ದೊಡ್ಡವರೊಬ್ಬರಿಗೆ ಹೇಳಿ. ಅದು ದ್ರೋಹವಲ್ಲ.

ಪೊಲೀಸ್ ಕೇಸ್ ಆದೀತೆಂದು ಆಸ್ಪತ್ರೆಗೆ ಹೋಗದೆ ಮುಚ್ಚಿಡುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ಬೇರೆ ರೀತಿ ಸಾಬೀತಾಗದ ಹೊರತು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

ಮನೆಗೆ ಬಂದ ಮೇಲೆ ‘ಈಗ ಸರಿಹೋದ’ ಅಂದುಕೊಳ್ಳುತ್ತೇವೆ. ಅಪಾಯ ಹೆಚ್ಚಿರುವುದು ಆಸ್ಪತ್ರೆಯಿಂದ ಬಂದ ಆ ಮೊದಲ ವಾರಗಳಲ್ಲೇ. ಮುಂದಿನ ಭೇಟಿಯ ದಿನಾಂಕ ಬರೆಸಿಕೊಳ್ಳದೆ ಹೊರಡಬೇಡಿ. ಆ ದಿನ ಕೆಲಸಕ್ಕೆ ರಜೆ ಹಾಕಿ ನೀವೇ ಜೊತೆಗೆ ಹೋಗಿ.