ಇನ್ನೂರು ಕೋಳಿಯ ರಾಜಸೇವೆ

ಜೂನ್ 15 ಬಂದರೆ ಸಾಕು, ಮೊಬೈಲಿಗೆ ಮ್ಯಾಗ್ನಾ ಕಾರ್ಟಾ ಶುಭಾಶಯ ಬಂದು ಬೀಳುತ್ತದೆ. 1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್‌ನಿಂದ ಈ ಹಕ್ಕುಪತ್ರ ಬರೆಸಿಕೊಂಡು, ದೊರೆಯನ್ನೇ ಕಾನೂನಿಗೆ ತಲೆಬಾಗಿಸಿದ ದಿನವಂತೆ. ಅದರ ಕೆಳಗೆ ಇನ್ನೊಬ್ಬರು, ಅದಕ್ಕೂ ಮೊದಲೇ ನಮ್ಮಲ್ಲಿ ಅನುಭವ ಮಂಟಪ ಇತ್ತು ಅಂತ ಗುದ್ದುತ್ತಾರೆ. ಆ ಜಗಳ ಅವರಿಗೇ ಇರಲಿ. ನನ್ನ ತಕರಾರು ಬೇರೆ. ಇಷ್ಟೆಲ್ಲ ಹೊಗಳುವವರು ಆ ಪತ್ರದ ಮೊದಲ ಪ್ಯಾರಾನಾದರೂ ಓದಿದ್ದಾರಾ? ಜಾನ್ ದೊರೆ ಯಾರ್ಯಾರ ಸಲಹೆ ಕೇಳಿ ಈ ಹಕ್ಕುಗಳನ್ನು ದಯಪಾಲಿಸಿದ ಅಂತ ಅಲ್ಲಿ ಹೆಸರು ಹಾಕಿದ್ದಾರೆ. ಆರ್ಚ್‌ಬಿಷಪ್ ಇದ್ದಾರೆ, ದೊಡ್ಡ ಸಾಮಂತ ವಿಲಿಯಂ ಮಾರ್ಷಲ್ ಇದ್ದಾರೆ. ಅವರ ಜೊತೆಗೆ ನಮ್ಮ ಹ್ಯೂ ಡಿ ನೆವಿಲ್ ಸಾಹೇಬರೂ ಇದ್ದಾರೆ.

ಸಾಹೇಬರು ಇಡೀ ಇಂಗ್ಲೆಂಡಿನ ರಾಜರ ಅರಣ್ಯಕ್ಕೆ ಮುಖ್ಯಸ್ಥರು. ಅದೇ ಪತ್ರದಲ್ಲಿ, ಈಗ 48 ಅಂತ ನಂಬರ್ ಹಾಕಿರುವ ಕಲಮಿನಲ್ಲಿ, ಏನಿದೆ ಗೊತ್ತಾ? ಅರಣ್ಯದವರ ಕೆಟ್ಟ ಪದ್ಧತಿಗಳನ್ನೆಲ್ಲ ಒಂದೊಂದು ಕೌಂಟಿಯಲ್ಲೂ, ಅಂದರೆ ಜಿಲ್ಲೆಯಲ್ಲೂ, 12 ನೈಟ್‌ಗಳು (ಕುದುರೆ ಏರುವ ಯೋಧ ಗಣ್ಯರು) ತನಿಖೆ ಮಾಡಬೇಕು, ಆಮೇಲೆ 40 ದಿನದೊಳಗೆ ಅವನ್ನು ಬೇರು ಸಮೇತ ಕೀಳಬೇಕು. ಅಂದರೆ ತನ್ನ ಇಲಾಖೆ ಮೇಲಿನ ತನಿಖೆಗೆ ತಾನೇ ಸಲಹೆಗಾರ! ಕಲಮಿಗೆ ಒಂದು ಬಾಲವೂ ಇದೆ: ಕೀಳುವ ಮೊದಲು ದೊರೆಗೆ ತಿಳಿಸಿರಬೇಕು. ಈ ಬಾಲ ಅಂಟಿಸಿದ ಗುಮಾಸ್ತನ ಕೈಗೆ ಬಂಗಾರದ ಕಡಗ ತೊಡಿಸಬೇಕು.

ಸಾಹೇಬರನ್ನು ಸಾಮಾನ್ಯದವರು ಅಂದುಕೊಳ್ಳಬೇಡಿ. ಜಾನ್‌ಗಿಂತ ಮೊದಲು ದೊರೆಯಾಗಿದ್ದ ಅವನ ಅಣ್ಣ ರಿಚರ್ಡ್‌ನ ಜೊತೆ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಹೋಗಿ 1192ರಲ್ಲಿ ಪ್ಯಾಲೆಸ್ತೀನಿನ ಜಾಫಾದಲ್ಲಿ ಕಾದಾಡಿ ಬಂದವರು. ಆ ಕಡೆ ಒಂದು ಸಿಂಹವನ್ನೂ ಕೊಂದರು ಅಂತ ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಬರೆದದ್ದು ಎಷ್ಟೋ ವರ್ಷ ಆದಮೇಲೆ. ಇರಲಿ ಬಿಡಿ, ಸಿಂಹವಂತೂ ಬಂದು ಅಲ್ಲ ಅನ್ನುವುದಿಲ್ಲ.

ಇಂಥ ಸಿಂಹದ ಗಂಡನಿಗೆ ಮನೆಯಲ್ಲಿ ಮಲಗಲು ರಜೆ ಇರಲಿಲ್ಲ ಅನ್ನುವುದೇ ತಮಾಷೆ. ಜಾನ್ ದೊರೆಯ 1204-05ರ ಲೆಕ್ಕದ ಸುರುಳಿಯಲ್ಲಿ ಒಂದು ನಮೂದು ಇದೆ. ಹ್ಯೂ ಡಿ ನೆವಿಲ್‌ನ ಹೆಂಡತಿ ಒಂದು ರಾತ್ರಿ ತನ್ನ ಗಂಡನ ಜೊತೆ ಮಲಗುವುದಕ್ಕೆ ದೊರೆಗೆ 200 ಕೋಳಿ ಕೊಡುತ್ತಾಳೆ. ಹುಂಜ ನಡೆಯುವುದಿಲ್ಲ, ಹೇಂಟೆಯೇ ಆಗಬೇಕು. ಮೇಲೆ ಜಾಮೀನು ಬೇರೆ. ಆಕೆ ದೊರೆಯ ಪ್ರೇಯಸಿಯಾಗಿದ್ದಳು ಅಂತ ಕೆಲವು ಇತಿಹಾಸಕಾರರು, ಗಂಡ ಸದಾ ದೊರೆ ಕೆಲಸದಲ್ಲೇ ಊರೂರು ತಿರುಗುತ್ತಿದ್ದ ಅಂತ ಇನ್ನು ಕೆಲವರು, ಸುಮ್ನೆ ಆಸ್ಥಾನದ ಕುಚೋದ್ಯ ಅಂತ ಮತ್ತೆ ಕೆಲವರು. ನನಗೆ ಕಾಡುವುದು ಬೇರೆ. ಆ ಕೋಳಿಗಳನ್ನು ಎಣಿಸಿ ರಸೀದಿ ಕೊಟ್ಟ ನೌಕರ ಯಾರು? ದಾರಿಯಲ್ಲಿ ಒಂದು ಸತ್ತು 199 ಬಂದಿದ್ದರೆ ಸಾಹೇಬರನ್ನು ನಡುರಾತ್ರಿ ಎಬ್ಬಿಸಿ ಕಳಿಸುತ್ತಿದ್ದರಾ?

ಇದೊಂದೇ ಅಲ್ಲ. ಹೆನ್ರಿ ಪಿನೆಲ್‌ನ ಹೆಂಡತಿ ವಿಷಯದಲ್ಲಿ ದೊರೆ ಬಾಯಿ ಮುಚ್ಚಿಕೊಂಡಿರಲಿ ಅಂತ ರಾಬರ್ಟ್ ಡಿ ವೋ ಎಂಬವನು ಐದು ಒಳ್ಳೆ ಕುದುರೆ ಕೊಟ್ಟ. ಒಬ್ಬ ಕೌಂಟೆಸ್‌ಗೆ, ಅಂದರೆ ಸಾಮಂತರ ಮನೆಯ ಹೆಂಗಸಿಗೆ, ಸೊಂಟಪಟ್ಟಿ ಕೊಡಬೇಕು ಅಂತ ದೊರೆಗೆ ನೆನಪಿಸದ ತಪ್ಪಿಗೆ ವಿಂಚೆಸ್ಟರ್ ಬಿಷಪ್ ಒಂದು ದೊಡ್ಡ ಪೀಪಾಯಿ ವೈನ್ ತೆತ್ತ. ಎಂಥ ಪಾರದರ್ಶಕ ಆಡಳಿತ ನೋಡಿ! ಮೇಜಿನ ಕೆಳಗೆ ಕೈ ಚಾಚುವ ಹೀನ ಪದ್ಧತಿ ಜಾನ್ ದೊರೆಯದಲ್ಲ. ಎಲ್ಲವೂ ಲ್ಯಾಟಿನ್ನಿನಲ್ಲಿ ದಾಖಲು.

ಇಷ್ಟಕ್ಕೆ ನಗಬಹುದು. ಮುಂದಿನದಕ್ಕೆ ನನಗೆ ನಗು ಬರುವುದಿಲ್ಲ. 1198ರ ಅರಣ್ಯ ಕಾಯಿದೆಯಲ್ಲಿ, ರಾಜನ ಜಿಂಕೆ ಕೊಂದವನ ಕಣ್ಣು ಕೀಳಬೇಕು, ವೃಷಣ ಕತ್ತರಿಸಬೇಕು ಅಂತ ಇತ್ತು. ಆ ವರ್ಷ ನ್ಯಾಯ ಹೇಳುತ್ತಾ ಊರೂರು ಸುತ್ತಿದವರಲ್ಲಿ ಈ ಹ್ಯೂ ಕೂಡ ಒಬ್ಬ. ಅರಣ್ಯ ಅಂದರೆ ಬರೀ ಮರಗಿಡವೂ ಅಲ್ಲ. ಎಸೆಕ್ಸ್ ಕೌಂಟಿ ಹೆಚ್ಚುಕಮ್ಮಿ ಪೂರ್ತಿ ಅರಣ್ಯ ಕಾಯಿದೆಯ ಕೆಳಗೆ ಇತ್ತು, ಊರು, ಹೊಲ, ಗದ್ದೆ ಎಲ್ಲ ಸೇರಿ. ಹೊಲದ ಪಕ್ಕದ ಪೊದೆ ಕಡಿದು ನಾಲ್ಕು ಕಾಳು ಬಿತ್ತಿದರೂ ದಂಡ. ಜಿಂಕೆ ಬಂದು ಬೆಳೆ ಮೇಯ್ದರೆ ನೋಡುತ್ತಾ ನಿಲ್ಲಬೇಕು. ಹಸಿದವನು ಬಿಲ್ಲು ಎತ್ತಿದರೆ ಜನ್ಮವಿಡೀ ಕತ್ತಲು. ಹಾಗೆ ಹಾಳಾದವರಲ್ಲಿ ಒಬ್ಬನ ಹೆಸರಾದರೂ ಪತ್ರದ ಮೊದಲ ಪ್ಯಾರಾದಲ್ಲಿ ಇದೆಯಾ? ಅಲ್ಲಿರುವುದು ಇವನ ಹೆಸರು.

ಪತ್ರವೂ ಜಾಸ್ತಿ ದಿನ ಬಾಳಲಿಲ್ಲ. ಆಗಸ್ಟಿನಲ್ಲೇ ಪೋಪ್ ರದ್ದು ಮಾಡಿದರು. ಮರುವರ್ಷ ಫ್ರಾನ್ಸಿನ ರಾಜಕುಮಾರ ಲೂಯಿ ದಂಡೆತ್ತಿ ಬಂದಾಗ ಹ್ಯೂ ಮಾರ್ಲ್‌ಬರೋ ಕೋಟೆಯನ್ನು ಅವನ ಕೈಗಿಟ್ಟು ಆ ಕಡೆ ಹಾರಿದ. ಜಾನ್ ಸತ್ತು, ಅವನ ಒಂಬತ್ತು ವರ್ಷದ ಮಗ ಹೆನ್ರಿ ದೊರೆಯಾಗಿ, ಗಾಳಿ ತಿರುಗಿದ ಮೇಲೆ ಈ ಕಡೆ ಬಂದ. 1217ರಲ್ಲಿ ಅರಣ್ಯಕ್ಕೇ ಬೇರೆ ಪತ್ರ ಬಂತು. ಜಿಂಕೆಗಾಗಿ ಇನ್ನು ಮನುಷ್ಯನ ಪ್ರಾಣ, ಅಂಗ ತೆಗೆಯುವಂತಿಲ್ಲ. ಅರಣ್ಯದ ಊರಿನವರು ಸಾಕಿದ ನಾಯಿಯ ಮುಂಗಾಲಿನ ಮೂರು ಬೆರಳು ಮಾತ್ರ ಮೊದಲಿನ ಹಾಗೇ ಕತ್ತರಿಸಬೇಕು, ಜಿಂಕೆ ಅಟ್ಟಿಸಿಕೊಂಡು ಹೋಗಬಾರದಲ್ಲ. ಕತ್ತರಿಸದೆ ಬಿಟ್ಟರೆ ಮೂರು ಶಿಲ್ಲಿಂಗ್ ದಂಡ. ದಂಡ ವಸೂಲಿಗೆ ಅನುಭವಸ್ಥರು ಬೇಕಲ್ವಾ? ಸ್ವಲ್ಪ ವರ್ಷದಲ್ಲಿ ಹ್ಯೂ ಸಾಹೇಬರಿಗೆ ಅದೇ ಹುದ್ದೆ ವಾಪಸ್ ಸಿಕ್ಕಿತು.